ಬೇಸ್‌ಮೆಂಟಿನ ತೋಳಮೀನು

ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್ನಿನ ಆ ಬೇಸ್‌ಮೆಂಟಿಗೆ ನಾನು ಬಾಡಿಗೆಗೆ ಬಂದಾಗ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಇಲ್ಲಿಯ ಕಾಲೇಜು ಸೇರಿದ ಹೊಸತು. ಮನೆಯವರು ಹುಬ್ಬಳ್ಳಿ ಕಡೆಯವರು. ಯಜಮಾನರು ದೊಡ್ಡ ಟ್ರಕ್ ಓಡಿಸುತ್ತಿದ್ದರು. ಒಮ್ಮೆ ಹೊರಟರೆ ವಾರಗಟ್ಟಲೆ ಹೆದ್ದಾರಿಯೇ ಮನೆ. ಮಗ ಒಶಾವಾದಲ್ಲಿ ಕೆಲಸದಲ್ಲಿದ್ದ. ಹೀಗಾಗಿ ಮೇಲಿನ ಮನೆಯಲ್ಲಿ ಯಜಮಾನರ ಹೆಂಡತಿ ಹೆಚ್ಚಾಗಿ ಒಬ್ಬರೇ ಇರುತ್ತಿದ್ದರು. ಅವರನ್ನು ಕಾಕು ಎಂದೂ ಯಜಮಾನರನ್ನು ಕಾಕಾ ಎಂದೂ ಕರೆಯುತ್ತಿದ್ದೆ.

ಆ ವರ್ಷ ಕಾಲೇಜಿನ ಮೇಡಮ್ ಒಬ್ಬರು ನನ್ನನ್ನು ಕರೆದು ಒಂದು ಕೆಲಸ ಹೇಳಿದರು. ನರೆತ ಕೂದಲಿನ, ಕಡಿಮೆ ಮಾತಿನ ಹೆಂಗಸು. ಪೂರ್ವ ತೀರದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಹತ್ತಿರ, ಕೊರೆಯುವ ತಣ್ಣೀರಿಗೆ ಇಳಿದು ವುಲ್ಫ್‌ಫಿಶ್ ಎಂಬ ಮೀನನ್ನು ನೋಡಿಕೊಂಡು ಬರುವುದೇ ಅವರ ಬದುಕಾಗಿತ್ತು. ನಾನು ಅದಕ್ಕೆ ತೋಳಮೀನು ಎಂದು ಹೆಸರಿಟ್ಟುಕೊಂಡೆ. ಸಮುದ್ರದ ತಳವನ್ನೇ ಗೋರುವ ಬಲೆಗಳಿಗೆ ಸಿಕ್ಕಿ ಅದು ಅಪರೂಪವಾಗಿಬಿಟ್ಟಿತ್ತು. ಅದು ತನ್ನ ಬಿಲದಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಕಂಡವರು ಕಡಿಮೆ. ಮೇಡಮ್ ಒಂದು ಬಿಲದ ಎದುರು ಕ್ಯಾಮೆರಾ ಇಟ್ಟು ಬಂದಿದ್ದರು. ಅಲ್ಲಿಯ ಮೀನುಗಾರರೊಬ್ಬರು ಅದರ ವಿಡಿಯೊಗಳನ್ನು ಹಾರ್ಡ್‌ಡಿಸ್ಕಿಗೆ ತುಂಬಿ ಕಳಿಸುತ್ತಿದ್ದರು. ಅವನ್ನು ಯಾರಾದರೂ ಕೂತು ನೋಡಿ, ಕಂಡದ್ದನ್ನೆಲ್ಲ ಗುರುತು ಮಾಡಬೇಕಿತ್ತು. ನನಗೆ ಈಜು ಬಾರದು. ನೀರಿಗಿಳಿಯದೆ ಮೀನಿನ ಬದುಕು ನೋಡಬಹುದೆಂದರೆ ಬಿಡುವುದುಂಟೇ? ಗೋದಾಮಿನಲ್ಲಿ ಡಬ್ಬಿಗೆ ಟೇಪು ಅಂಟಿಸುವ ಕೆಲಸ ಬಿಟ್ಟು ಇದಕ್ಕೆ ಒಪ್ಪಿಕೊಂಡೆ.

ಮೊದಲ ಸಲ ಆ ಮುಖ ಪರದೆಯ ಮೇಲೆ ಬಂದಾಗ ಕುರ್ಚಿಯಲ್ಲೇ ಹಿಂದೆ ಸರಿದಿದ್ದೆ. ದುಂಡು ತಲೆ, ಗಂಟುಮೋರೆ, ಒಳಕ್ಕೆ ಸೇರಿದ ತುಟಿ. ಬೂದುನೀಲಿ ಮೈಯ ಮೇಲೆ ಕಪ್ಪು ಪಟ್ಟೆಗಳು. ಹಳದಿ ಮೊಟ್ಟೆಗಳ ಒಂದು ದೊಡ್ಡ ಉಂಡೆಯನ್ನು ಮೈಯಿಂದ ಸುತ್ತಿಕೊಂಡು ಅದು ಕಲ್ಲಿನ ಸಂದಿಯಲ್ಲಿ ಮಲಗಿತ್ತು. ಎಷ್ಟು ಹೊತ್ತು ನೋಡಿದರೂ ಅಷ್ಟೇ. ಅಲುಗಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕಾಕು ಬಿಸಿ ರೊಟ್ಟಿ ತಂದುಕೊಡಲು ಕೆಳಗಿಳಿದವರು ಪರದೆ ನೋಡಿ ನಿಂತುಬಿಟ್ಟರು.

"ಇದೇನವಾ ಇದು? ಸಿಟ್ಟಿಗೆದ್ದ ಮುದುಕನಂಗ ಐತಿ!"

"ಮೀನರಿ ಕಾಕು. ಗಂಡು. ತತ್ತಿ ಕಾಯಲಿಕ್ಕೆ ಹತ್ತ್ಯದ."

"ಗಂಡು ಕಾಯ್ತೈತಿ? ಮತ್ತ ಹೆಣ್ಣು ಎಲ್ಲಿ?"

"ತತ್ತಿ ಇಟ್ಟು ಹೋಗಿಬಿಡ್ತದರಿ."

ಕಾಕು ಜೋರಾಗಿ ನಕ್ಕರು. "ಛಲೋ ಐತಿ ಬಿಡು! ಇಲ್ಲಿ ನಾ ಮನಿ ಕಾಯ್ಕೋತ ಕುಂತೀನಿ, ನಿಮ್ಮ ಕಾಕಾ ಊರೂರು ತಿರಗತಾರ. ಊಟಕ್ಕ ಏನ ಮಾಡ್ತೈತಿ ಇದು?"

"ತತ್ತಿ ಕಾಯೋ ಮುಂದ ಏನೂ ತಿನ್ನಂಗಿಲ್ಲರಿ. ಹಳೇ ಹಲ್ಲೆಲ್ಲಾ ಬಿದ್ದು ಹೊಸಾವು ಬರೋದೂ ಆವಾಗನ."

ಕಾಕು ನಗು ನಿಲ್ಲಿಸಿದರು. ಪರದೆಯ ಹತ್ತಿರ ಬಾಗಿ ನೋಡಿದರು. "ಪಾಪ, ಅಜ್ಜ," ಎಂದರು. ಅಂದಿನಿಂದ ಅದು ಅಜ್ಜನೇ ಆಯಿತು.

ಮರುದಿನ ಮತ್ತೆ ಬಂದರು. ಆಮೇಲೆ ಅದೇ ರೂಢಿಯಾಯಿತು. ಮನೆಗೆಲಸ ಮುಗಿಸಿ, ಎರಡು ಕಪ್ ಚಹಾ ಹಿಡಿದು ಮೆಟ್ಟಿಲಿಳಿದು ಬರುವರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತ ಅಜ್ಜನನ್ನು ನೋಡುವರು. ಗೋಡೆಯ ಮೇಲ್ಗಡೆ ಇದ್ದ ಸಣ್ಣ ಕಿಟಕಿಗೆ ಹಿಮ ಮುಚ್ಚಿ ಕೋಣೆಯಲ್ಲಿ ಮಂಕು ಬೆಳಕು. ಪಕ್ಕದಲ್ಲಿ ಮನೆ ಬೆಚ್ಚಗಿಡುವ ಫರ್ನೇಸು ಗುಂಯ್‌ಗುಡುತ್ತಿತ್ತು. ಅಜ್ಜ ಒಮ್ಮೊಮ್ಮೆ ರೆಕ್ಕೆಯನ್ನು ಮೆಲ್ಲಗೆ ಬೀಸುತ್ತಿದ್ದ, ಮೊಟ್ಟೆಗಳಿಗೆ ಹೊಸ ನೀರು ತಗುಲಲೆಂದೋ ಏನೋ. ಏಡಿಯೊಂದು ಹತ್ತಿರ ಸುಳಿದರೆ ಬೊಕ್ಕ ಬಾಯಿ ತೆರೆದು ಮುಂದಕ್ಕೆ ನುಗ್ಗುತ್ತಿದ್ದ. ಆಗ ಕಾಕು ಸೊಪ್ಪು ಕೆಳಗಿಟ್ಟು, "ಹಾಂ, ಓಡಸು ಅದನ್ನ!" ಎನ್ನುವರು. ಹುಟ್ಟಿದಾಗಿನಿಂದ ಮೀನು ಮುಟ್ಟದ ಮನೆತನ ಅವರದು, ನನ್ನದೂ ಅಷ್ಟೆ. ಆದರೂ ಆ ಕಾಲದ ನಮ್ಮ ಮಾತೆಲ್ಲ ಮೀನಿನದೇ.

ಕಾಕಾ ಮನೆಗೆ ಬಂದಾಗ ಕಾಕು ಅವರನ್ನೂ ಕೆಳಗೆ ಕರೆತಂದರು. ಅವರು ಜಾಕೆಟ್ಟನ್ನೂ ತೆಗೆಯದೆ ಬಹಳ ಹೊತ್ತು ನೋಡಿದರು. ಕೊನೆಗೆ, "ಮಸ್ತ್ ಪಾರ್ಕಿಂಗ್ ಹಿಡದಾನ ನೋಡು," ಎಂದರು. ಮುಂದಿನ ಟ್ರಿಪ್ಪಿನಿಂದ ಫೋನು ಮಾಡಿದಾಗ ಅವರ ಮೊದಲ ಪ್ರಶ್ನೆ, "ಅಜ್ಜ ಹ್ಯಾಂಗದಾನ?" ಎಂಬುದೇ. "ನಿಮಗ ಹೇಂತಿಗಿಂತ ಮೀನ ಹೆಚ್ಚಾತು," ಎಂದು ಕಾಕು ಸುಳ್ಳು ಸಿಟ್ಟು ಮಾಡುವರು. "ನನ್ನ ಕೇಳೂದ ಬಿಟ್ಟಾರ ನೋಡು," ಎಂದು ನನ್ನೆದುರು ದೂರುವರು.

ಚಳಿ ಹೆಚ್ಚಿದ ಹೊತ್ತಿಗೆ ಬಂದ ಒಂದು ಡಿಸ್ಕಿನಲ್ಲಿ ಅಜ್ಜ ಕಾಣಿಸಲೇ ಇಲ್ಲ. ಸಮುದ್ರದಲ್ಲಿ ಬಿರುಗಾಳಿ ಎದ್ದು, ಕಿತ್ತುಬಂದ ಕಡಲಪಾಚಿ ಕ್ಯಾಮೆರಾಕ್ಕೆ ಸುತ್ತಿಕೊಂಡಿತ್ತು. ಪರದೆಯ ತುಂಬ ಕಂದುಬಣ್ಣದ ಎಲೆ ತೂಗಾಡುತ್ತಿತ್ತು, ಅಷ್ಟೇ. ನಾವು ಅದನ್ನು ನೋಡಿದ ದಿನ ನಮ್ಮ ಬೀದಿಯಲ್ಲೂ ಹಿಮಗಾಳಿ. ಕಾಕಾ ಎಲ್ಲೋ ದಾರಿಯ ಮೇಲಿದ್ದರು, ಫೋನು ಹತ್ತುತ್ತಿರಲಿಲ್ಲ. ಕಾಕು ಕೆಳಗೆ ಬಂದು ಕೂತರು. ಅಂದು ಸೊಪ್ಪು ತಂದಿರಲಿಲ್ಲ. ಫೋನನ್ನು ತೊಡೆಯ ಮೇಲಿಟ್ಟುಕೊಂಡು ಆ ಎಲೆಯನ್ನೇ ನೋಡುತ್ತಿದ್ದರು.

"ಏನೂ ಕಾಣವೊಲ್ದರಿ ಕಾಕು. ಬಂದ್ ಮಾಡ್ಲ್ಯಾ?" ಎಂದೆ.

"ಇರಲಿ ಬಿಡವಾ. ಹಿಂದ ಅದಾನಲ್ಲ."

ವಿಡಿಯೊ ಓಡುತ್ತಿರಲು ಬಿಟ್ಟೆ. ಪಕ್ಕದಲ್ಲಿ ಕೂತೆ. ಸಂಜೆಯಾಗುವಾಗ ಫೋನು ಬಂತು. ದಾರಿ ಮುಚ್ಚಿದೆಯೆಂದೂ, ಒಂದು ಟ್ರಕ್ ಸ್ಟಾಪಿನಲ್ಲಿ ನಿಲ್ಲಿಸಿಕೊಂಡಿದ್ದೇನೆಂದೂ ಕಾಕಾ ಕೂಗಿ ಹೇಳುವುದು ನನಗೂ ಕೇಳಿಸಿತು. ಕಾಕು, "ಉಂಡ್ರಿಲ್ಲೋ?" ಎಂದಷ್ಟೇ ಕೇಳಿದರು. ಫೋನು ಇಟ್ಟ ಮೇಲೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರು.

ಮುಂದಿನ ಡಿಸ್ಕಿನಲ್ಲಿ ಮುಳುಗುಗಾರನೊಬ್ಬನ ಕೈ ಬಂದು ಪಾಚಿಯನ್ನು ಎಳೆದುಹಾಕಿತು. ಅಜ್ಜ ಇದ್ದ. ಮೊಟ್ಟೆಯ ಉಂಡೆ ಇರಲಿಲ್ಲ.

"ಮರಿ ಆಗಿ ಹೋಗ್ಯಾವ," ಎಂದರು ಕಾಕು.

"ಯಾವುದರೆ ತಿಂದಿರಬಹುದರಿ."

"ಇಲ್ಲ. ಅಂವ ತಿನ್ನಾಕ ಬಿಡಂಗಿಲ್ಲ."

ನಾನು ಮೇಡಮ್ಮಿಗೆ ಕೇಳಿದೆ. ಅವರು ಆ ಭಾಗವನ್ನು ಮತ್ತೆ ಮತ್ತೆ ನೋಡಿ, "ಏನಾಯಿತೋ ಗೊತ್ತಿಲ್ಲ. ಗೊತ್ತಿಲ್ಲವೆಂದೇ ಬರೆ," ಎಂದರು. ಕಾಕುಗೆ ಇದು ಹಿಡಿಸಲಿಲ್ಲ. "ಅಷ್ಟ ವರ್ಷ ನೀರಾಗ ಮುಳುಗ್ಯಾರ, ಗೊತ್ತಿಲ್ಲ ಅಂದ್ರ ಹ್ಯಾಂಗ?" ಎಂದು ಗೊಣಗಿದರು. ಮೊಟ್ಟೆಗಳಿಲ್ಲದ ಬಿಲದಲ್ಲಿ ಅಜ್ಜ ಕೆಲವು ದಿನ ಹಾಗೇ ಮಲಗಿದ್ದ. ಆಮೇಲೆ ಒಂದು ದಿನ ಹೊರಗೆ ಜಾರಿ ಹೋದವನು ತಿರುಗಿ ಬರಲಿಲ್ಲ.

ಬೇಸಿಗೆಯ ಮೊದಲಲ್ಲಿ ಮೇಡಮ್ ನನ್ನನ್ನೂ ನ್ಯೂಫೌಂಡ್‌ಲ್ಯಾಂಡಿಗೆ ಕರೆದರು. ಸುದ್ದಿ ಹೇಳುತ್ತಿದ್ದಂತೆ ಕಾಕು, "ನಾವೂ ಬರ್ತೀವಿ," ಎಂದುಬಿಟ್ಟರು. ಕಾಕಾ ರಜೆ ಹಾಕಿದರು. ರಜೆಯಲ್ಲೂ ಸ್ಟಿಯರಿಂಗೇ ಗತಿಯೆಂದು ನಗುತ್ತ ಅಷ್ಟು ದೂರ ಕಾರು ಓಡಿಸಿದರು. ಕಡೆಗೆ ದೊಡ್ಡ ಹಡಗಿನಲ್ಲಿ ಕಾರಿನ ಸಮೇತ ಸಮುದ್ರ ದಾಟಿದೆವು.

ಮೇಡಮ್ ಹೇಳಿದ ಜಾಗ ಬೋಳು ಬಂಡೆಗಳ ನಡುವಿನ ಪುಟ್ಟ ಕೊಲ್ಲಿ. ದೂರದಲ್ಲಿ ಒಂದು ಹಿಮಗಡ್ಡೆ ಬೆಳ್ಳಗೆ ತೇಲುತ್ತಿತ್ತು. ಕಾಕು ನೀರಿಗೆ ಕೈಯಿಟ್ಟವರು ಸುಟ್ಟವರಂತೆ ಹಿಂದಕ್ಕೆ ಎಳೆದುಕೊಂಡರು.

"ಇದರಾಗ ರಕ್ತ ಗಡ್ಡಿ ಕಟ್ಟಂಗಿಲ್ಲೇನ ಅವಂಗ?"

"ಗಡ್ಡಿ ಕಟ್ಟದಂಗ ತಡಿಯೋ ಒಂದು ಪದಾರ್ಥ ಅದರ ರಕ್ತದಾಗ ಅದರಿ."

"ಥಂಡ್ಯಾಗ ನೀರು ಗಡ್ಡಿ ಆಗಬಾರದಂತ ನಮ್ಮ ಗಾಡಿಗೆ ಹಾಕ್ತೀವಲ್ಲ, ಹಂಗ," ಎಂದರು ಕಾಕಾ.

ಮೇಡಮ್ ನೀರಿಗಿಳಿದರು. ನಾವು ಮೀನುಗಾರರ ಶೆಡ್ಡಿನಲ್ಲಿ, ಅವರ ಕೈಯಲ್ಲಿದ್ದ ಕ್ಯಾಮೆರಾದ ಚಿತ್ರ ಮೂಡುತ್ತಿದ್ದ ಟೀವಿಯ ಎದುರು ಕೂತೆವು. ಅದೇ ಬಿಲದ ಬಾಯಲ್ಲಿ ಹೊಸದಾಗಿ ಒಡೆದ ಚಿಪ್ಪುಗಳ ರಾಶಿ. ಸ್ವಲ್ಪ ಹೊತ್ತಿಗೆ ಕತ್ತಲೆಯೊಳಗಿಂದ ದುಂಡು ತಲೆಯೊಂದು ಹೊರಬಂತು. ಬಾಯಿ ತುಂಬ ಗಟ್ಟಿ ಹಲ್ಲು. ಬಂಡೆಗೆ ಅಂಟಿದ್ದ ಮುಳ್ಳುಚೆಂಡಿನಂಥ ಕಡಲ ಜೀವಿಯನ್ನು ಕಿತ್ತು, ಮುಳ್ಳು ಸಹಿತ ಕಡಿದು ಪುಡಿಮಾಡಿತು. ಕಾಕು ನನ್ನ ರಟ್ಟೆ ಹಿಡಿದು ಚೀರಿದರು: "ಉಂಡ! ಅಜ್ಜ ಉಂಡ!"

ಮೇಲೆ ಬಂದ ಮೇಡಮ್ ಗದಗುಟ್ಟುತ್ತ, ಇವರೇನು ಕೂಗುತ್ತಿದ್ದಾರೆ ಎಂದು ಕೇಳಿದರು. ಹೇಳಿದೆ. ಅವರು ನಕ್ಕು, "ಅದೇ ಮೀನು ಎಂದು ಹೇಳಲಾಗದು. ಬೇರೆಯದೂ ಆಗಿರಬಹುದು," ಎಂದು ಇಂಗ್ಲಿಷಿನಲ್ಲಿ ಅಂದರು. ಖುಷಿಯಲ್ಲಿದ್ದ ಕಾಕು ಅದನ್ನು ಕೇಳಿಸಿಕೊಳ್ಳಲಿಲ್ಲ. ಕಾಕಾ ಕೇಳಿಸಿಕೊಂಡರು, ನನ್ನ ಮುಖ ನೋಡಿದರು. ಇಬ್ಬರೂ ಅದನ್ನು ಕಾಕುಗೆ ತಿಳಿಸಲಿಲ್ಲ. ಆಮೇಲೆ ಬಂಡೆಯ ಮೇಲೆ ಬುತ್ತಿ ಬಿಚ್ಚಿದೆವು. ಮೇಡಮ್ ಖಡಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಿಡದೆ ತಿಂದರು.

ಈಗ ಮೇಡಮ್ ನಿವೃತ್ತರಾಗಿದ್ದಾರೆ, ಆ ಕ್ಯಾಮೆರಾವನ್ನೂ ಎತ್ತಿಬಿಟ್ಟಿದ್ದಾರೆ. ನಾನು ಜಾರ್ಜ್‌ಟೌನಿನಲ್ಲಿದ್ದೇನೆ, ದಿನಾ ಟ್ರೈನಿನಲ್ಲಿ ಟೊರೊಂಟೊಕ್ಕೆ ಹೋಗಿ ಕುಡಿಯುವ ನೀರು ಪರೀಕ್ಷಿಸುವ ಕೆಲಸ. ಕೆಲಸ ಚೆನ್ನಾಗಿದೆ. ಆದರೂ ಹಿಮ ಬೀಳುವ ಮಧ್ಯಾಹ್ನಗಳಲ್ಲಿ, ಏನೂ ನಡೆಯದ ಒಂದು ಪರದೆಯ ಮುಂದೆ ಇನ್ನೊಬ್ಬರ ಜೊತೆ ಸುಮ್ಮನೆ ಕೂರಬೇಕೆನ್ನಿಸುತ್ತದೆ. ಹಾಗೆ ಕೂರಲು ಈಗ ಯಾರಿಗೂ ಪುರುಸೊತ್ತಿಲ್ಲ, ನನಗೂ ಇಲ್ಲ.

ಕಾಕಾ ಟ್ರಕ್ ಬಿಟ್ಟರು. ಮನೆ ಮಾರಿ ಇಬ್ಬರೂ ಒಶಾವಾದಲ್ಲಿ ಮಗನ ಹತ್ತಿರ ಇದ್ದಾರೆ. ಕಳೆದ ತಿಂಗಳು ಹೋಗಿದ್ದಾಗ ಮಾತು ಅಜ್ಜನ ಕಡೆ ತಿರುಗಿತು. ಮೊಮ್ಮಗಳು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, "ಅಜ್ಜಿ, ವಾಸ್ ಹಿ ಯುವರ್ ಪೆಟ್?" ಎಂದು ಕೇಳಿದಳು.

"ಪೆಟ್ ಅಲ್ಲವಾ," ಎಂದರು ಕಾಕು ಗಂಭೀರವಾಗಿ. "ನಮ್ಮ ಬೇಸ್‌ಮೆಂಟಿನಾಗ ಇರ್ತಿದ್ದ."

ಹುಡುಗಿ ಅದನ್ನು ನಂಬಿಕೊಂಡು ಮತ್ತೆ ಪುಸ್ತಕಕ್ಕೆ ತಲೆ ತಗ್ಗಿಸಿದಳು. ಕಾಕಾ ಚಹಾಕ್ಕೆ ನೀರಿಡಲು ಎದ್ದರು.