ಅತ್ತಿಗೆಯ ಕಿರುಬೆರಳು

ನಮ್ಮ ಅತ್ತಿಗೆ ಇಪ್ಪತ್ತೆಂಟು ವರ್ಷ ಒಂದೇ ಕಚೇರಿಯಲ್ಲಿ ಇಂಗ್ಲಿಷ್ ಟೈಪಿಸ್ಟ್. ನನ್ನ ಓರಗೆಯವಳು. ನಾನು ಅಲ್ಲೇ ಕಡತ ಜೋಡಿಸುವವಳು. ಮನೆಯಲ್ಲೂ ಕಚೇರಿಯಲ್ಲೂ ಅವಳ ಕೈಲಿ ಬೈಸಿಕೊಂಡವಳು ನಾನೇ.

ಆ ವರ್ಷ ಅವಳ ಬಲಗೈ ಕಿರುಬೆರಳು ಮರಗಟ್ಟಿತು. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಬೇರೆಯವರಾದರೆ ಹಾಳಾಗಿ ಹೋಗಲಿ ಒಂದು ಬೆರಳು ಎನ್ನಬಹುದಿತ್ತು. ಟೈಪಿಸ್ಟಿಗೆ ಹಾಗಲ್ಲ. ಟೈಪ್‌ರೈಟರಿನಲ್ಲಿ ದೊಡ್ಡಕ್ಷರ, ಅಂದರೆ ಕ್ಯಾಪಿಟಲ್, ಬೇಕೆಂದರೆ ಶಿಫ್ಟ್ ಕೀಯನ್ನು ಕಿರುಬೆರಳೇ ಒತ್ತಿ ಹಿಡಿಯಬೇಕು. ಅರೆಬರೆ ಒತ್ತಿದರೆ ಅಕ್ಷರ ಸಾಲು ಬಿಟ್ಟು ಮೇಲೇರಿ ಕೂರುತ್ತದೆ. ನಮ್ಮ ಕಚೇರಿಯ ಕೆಲಸವೋ, ಬರೀ ಹಳೆಯ ಒಪ್ಪಂದ, ಘೋಷಣೆ, ರಜಾದಿನಗಳ ಪಟ್ಟಿ. ಇಂಗ್ಲಿಷಿನಲ್ಲಿ ಅವುಗಳ ಹೆಸರಿಗೆಲ್ಲ ದೊಡ್ಡಕ್ಷರದ ಮರ್ಯಾದೆ. ರಜೆಗೆ ದೊಡ್ಡಕ್ಷರ ಹಾಕಿಸಿಕೊಂಡು ರಜೆಯ ದಿನವೂ ಕೆಲಸಕ್ಕೆ ಕರೆಯುತ್ತಿದ್ದರು, ಆ ಮಾತು ಬೇರೆ.

ಅಷ್ಟರಲ್ಲಿ ಐವತ್ತು ದಾಟಿದ ಟೈಪಿಸ್ಟರಿಗೆಲ್ಲ ಪರೀಕ್ಷೆ ಎಂದು ಸುತ್ತೋಲೆ ಬಂತು. ಕೈ ಸರಿಯಿಲ್ಲದವರು ಮನೆಗೆ.

“ಹೇಳ್ಬಿಡು ಅತ್ತಿಗೆ, ಬೇರೆ ಕೆಲಸ ಕೊಡ್ತಾರೇನೋ,” ಅಂದೆ.

“ಕೊಡದೇ ಇದ್ರೆ? ಮನೇಲಿ ಕೂತು ನಿಮ್ಮಣ್ಣನ ಮುಖ ನೋಡ್ಲಾ?”

ಹಾಗಂದವಳು ನಗಲಿಲ್ಲ. ಆ ಕೆಲಸವೊಂದನ್ನು ಬಿಟ್ಟರೆ ಬೇರೇನನ್ನೂ ತನ್ನದು ಅಂದುಕೊಂಡವಳಲ್ಲ ಅವಳು. ಅಣ್ಣನನ್ನು ಹಾಗಂದದ್ದಕ್ಕೆ ನನಗೆ ಮೈಯೆಲ್ಲ ಉರಿಯಿತು. ತಿಂಗಳಿಡೀ ಊಟದ ಮೇಜಿನ ಅಂಚಿಗೆ ಆ ಬೆರಳನ್ನು ಭುಜದ ಬಲದಿಂದ ಒತ್ತಿ ಒತ್ತಿ ಅಭ್ಯಾಸ ಮಾಡಿದಳು. ಬೆರಳಿಗೆ ಗೊತ್ತಾಗದಿದ್ದರೇನು, ಭುಜಕ್ಕೆ ಗೊತ್ತಾಗುತ್ತದಲ್ಲ.

ಪರೀಕ್ಷೆಯ ದಿನ ಹಾಳೆ ಹಂಚುವ ಕೆಲಸ ನನ್ನದು. ಟೈಪ್ ಮಾಡಲು ಕೊಟ್ಟಿದ್ದರ ತುಂಬ ಘೋಷಣೆಗಳು, ರಾಷ್ಟ್ರೀಯ ದಿನಗಳು. ಬೇಕೆಂದೇ ಹುಡುಕಿ ತಂದ ಹಾಗಿತ್ತು. ಗಂಟೆ ಬಾರಿಸುವ ಮೊದಲೇ ಅತ್ತಿಗೆ ಮುಗಿಸಿದಳು. ಪರೀಕ್ಷಕರು ವಯಸ್ಸಾದವರು, ಮೆತ್ತಗಿನ ಮನುಷ್ಯ. ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಸಾಲು ನೋಡಿದರು. ಒಂದಕ್ಷರವೂ ಸಾಲು ಬಿಟ್ಟಿರಲಿಲ್ಲ.

“ಒಂದೂ ತಪ್ಪಿಲ್ಲಮ್ಮ,” ಎಂದು ಪಾಸು ಬರೆಯಲು ಪೆನ್ನು ತೆಗೆದರು. ನನಗೆ ಹೋದ ಜೀವ ಬಂದ ಹಾಗಾಯಿತು.

ಆಗ ಅವರ ಕಣ್ಣು ಅವಳ ಕೈ ಮೇಲೆ ಬಿತ್ತು. ಶಿಫ್ಟ್ ಕೀಯ ಒಡೆದ ಅಂಚಿಗೆ ಸಿಕ್ಕಿ ಕಿರುಬೆರಳಿನ ಉಗುರು ಅರ್ಧ ಕಿತ್ತು ಬಂದಿತ್ತು. ರಕ್ತ ಮಣಿಕಟ್ಟಿನವರೆಗೆ ಇಳಿದಿತ್ತು.

“ಅಯ್ಯೋ ಪಾಪ, ತುಂಬಾ ನೋಯ್ತಿದೆಯೇನಮ್ಮ?” ಎಂದರು.

ಅತ್ತಿಗೆ ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದಳು.

“ಇಲ್ಲ ಸರ್,” ಎಂದಳು.

ಅವರು ಸ್ವಲ್ಪ ಹೊತ್ತು ಆ ಬೆರಳನ್ನೇ ನೋಡಿದರು. ಆಮೇಲೆ ಪಾಸು ಬರೆಯದೆಯೇ ಪೆನ್ನಿಗೆ ಮುಚ್ಚಳ ಹಾಕಿದರು.