ಎದುರು ದಿಬ್ಬದ ಸಿಳ್ಳೆ

ಅಣ್ಣನನ್ನು ಮಣ್ಣು ಮಾಡಿದ ಮೂರನೆಯ ಸಂಜೆ ನಾನು ರೇಡಿಯೊದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದೆ. ಅವನು ದಿನವೂ ತನ್ನ ರೇಡಿಯೊ ಹಚ್ಚುತ್ತಿದ್ದ ಹೊತ್ತಿಗೆ, ಸರಿಯಾಗಿ ಆರು ಗಂಟೆಗೆ, ನನ್ನದರಲ್ಲಿ ಅವನ ಸಿಳ್ಳೆ ಕೇಳಿಸಿತು. ಹತ್ತಿರದವರು ತಮ್ಮ ರೇಡಿಯೊ ತಿರುಗಿಸಿದಾಗ ನಮ್ಮದು ಹಾಗೆ ಸಿಳ್ಳೆ ಹಾಕುವುದು ಈ ಬ್ಯಾಟರಿ ಯಂತ್ರಗಳ ಗುಣ. ನಮ್ಮ ಕಣಿವೆಯಲ್ಲಿ ನನ್ನದನ್ನು ಬಿಟ್ಟರೆ ಇದ್ದುದು ಎದುರು ದಿಬ್ಬದ ಅವನ ಮನೆಯದೊಂದೇ.

“ನಿನ್ನ ಪೆಟ್ಟಿಗೆಗಿಂತ ಜೀರುಂಡೆ ಚೆನ್ನಾಗಿ ಹಾಡ್ತದೆ” ಎಂದು ನೆಂಟರೆದುರು ಹಂಗಿಸಿದ್ದ ಅವನೊಡನೆ ನಾಲ್ಕು ವರ್ಷ ಮಾತು ಬಿಟ್ಟಿದ್ದೆ, ಸಾವಿಗೂ ಹೋಗಿರಲಿಲ್ಲ.

ಅವನ ರೇಡಿಯೊವನ್ನು ಯಾರು ಮುಟ್ಟಿದರೆಂದು ಕೇಳಲು ಕೋಪದಿಂದಲೇ ಹೋದೆ. ಅತ್ತಿಗೆ ಬಾಗಿಲಲ್ಲೇ ತಡೆದು, “ಸಾವಿಗೆ ಬಾರದವ ಸಿಳ್ಳೆಗೆ ಬಂದ್ಯಾ? ಅದರ ಬ್ಯಾಟರಿ ಅವರು ಹೋದ ದಿನವೇ ಕಳಚಿ ಊಟಿಗೆ ಕಳಿಸಿಯಾಯ್ತು, ಈಗದು ಬರೀ ಮರದ ಪೆಟ್ಟಿಗೆ” ಎಂದರು.

ಜೀರುಂಡೆಯ ಮಾತನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೂ ಸಂಜೆ ಆರಕ್ಕೆ ತಿರುಪನ್ನು ಅವನ ಸಿಳ್ಳೆ ಕೇಳಿಸಿದ ಅದೇ ಗೆರೆಗೆ ತಂದು ನಿಲ್ಲಿಸುತ್ತೇನೆ.