ಹಳ್ಳವನ್ನು ಮತ್ತೆ ಸೊಟ್ಟ ಮಾಡಿದ್ದು

ನಮ್ಮೂರ ಹಳ್ಳವನ್ನು ನೆಟ್ಟಗೆ ಮಾಡಿದವನು ನಾನೇ. ಬೇರೆಯವರ ತಲೆಗೆ ಕಟ್ಟಲು ಬರುವುದಿಲ್ಲ, ಊರೆಲ್ಲ ನೋಡಿದೆ. ಆಗ ನಾನು ಮನ್ನಾಏಖೇಳ್ಳಿಯ ಮಾಲಕರೊಬ್ಬರ ಜೆಸಿಬಿ ಓಡಿಸುತ್ತಿದ್ದೆ. ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಪಾಯವಿರಲಿ, ಚರಂಡಿಯಿರಲಿ, ಕೆರೆಯ ಹೂಳಿರಲಿ, ತೋಡುವುದಿದ್ದರೆ ಕರೆ ನನಗೇ ಬರುತ್ತಿತ್ತು. ದಾರ ಕಟ್ಟಿದರೆ ದಾರದ ಗುಂಟ ನನ್ನ ಕೈ ಹೋಗುತ್ತದೆ ಎಂದು ಹೆಸರು ಮಾಡಿದ್ದೆ. ಅದರ ಸೊಕ್ಕೂ ಇತ್ತು, ಸುಳ್ಳೇಕೆ ಹೇಳಲಿ.

ನಮ್ಮೂರು ಕೊಹಿನೂರಿನಿಂದ ಸ್ವಲ್ಪ ಈಚೆಗೆ. ಹಳ್ಳದ ತುಂಬ ಜಾಲಿ ಬೆಳೆದು, ಹೂಳು ತುಂಬಿ, ಮಳೆಗಾಲದಲ್ಲಿ ನೀರು ದಾರಿಯ ಮೇಲೆ ಬರುತ್ತಿತ್ತು. ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು ನನಗೆ ಒಂದೇ ಮಾತು ಹೇಳಿದರು: "ತಮ್ಮಾ, ಈ ವರ್ಷ ಹಳ್ಳ ನೆಟ್ಟಗ ಮಾಡಿಬಿಡು." ನಾನು ಸೇತುವೆಯಿಂದ ದಾರ ಹಿಡಿದೆ. ಹಳ್ಳ ಮೂರು ಕಡೆ ಹೊರಳಿ, ಊರು ಸುತ್ತಿ, ಆರಾಮಾಗಿ ಹೋಗುತ್ತಿತ್ತು. ಮೂರೂ ತಿರುವು ಮುಚ್ಚಿ ನಡುವೆ ಸೀದಾ ಒಂದು ಕಾಲುವೆ ಹೊಡೆದೆ. ಜನ ಬಂದು ನೋಡಿ, "ಗೆರಿ ಹೊಡದಂಗ ಆಗೇದಲ್ಲೋ" ಎಂದು ಬೆನ್ನು ತಟ್ಟಿದರು. ಮುಚ್ಚಿದ ತಿರುವುಗಳಲ್ಲಿ ದೊಡ್ಡದು ನನ್ನ ಹೊಲದಲ್ಲೇ ಇತ್ತು. ಜೇಕಿನ ಹುಲ್ಲು ಬೆಳೆದು ಯಾತಕ್ಕೂ ಬಾರದೆ ಬಿದ್ದಿದ್ದ ಆ ಎರಡು ಎಕರೆ ತಗ್ಗು ಒಣಗಿ, ಮರುವರ್ಷ ಒಳ್ಳೆಯ ಸೋಯಾ ಕೊಟ್ಟಿತು. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಹೊಲದ ಕೆಳಗಿನದು ಅಕ್ಕನ ಹೊಲ. ಅವಳನ್ನು ಇದೇ ಊರಿಗೆ ಕೊಟ್ಟಿದ್ದಾರೆ. ಎರಡು ಹೊಲಗಳ ನಡುವೆ ಒಂದೇ ಬದು. ಅವಳದು ಒಂದೂವರೆ ಎಕರೆ ತೊಗರಿ, ನಾಲ್ಕು ಎಮ್ಮೆ, ಹಳ್ಳದ ದಂಡೆಗೆ ಒಂದು ಬಾವಿ. ಆ ಬಾವಿಯ ಮೇಲೆಯೇ ಅವಳ ಮನೆ ನಿಂತಿರುವುದು. ಬೇಸಿಗೆಯಲ್ಲಿ ಎಮ್ಮೆಗೆ ನೀರು, ಹಸಿ ಮೇವು ಎಲ್ಲ ಅದರಿಂದಲೇ.

ನೆಟ್ಟಗಾದ ಹಳ್ಳ ಮೊದಲ ಮಳೆಗೇ ಬುದ್ಧಿ ತೋರಿಸಿತು. ಎಲ್ಲೂ ನಿಲ್ಲದೆ, ಎಲ್ಲೂ ಹರಡದೆ ರಭಸದಿಂದ ಬಂದ ನೀರು ಸೀದಾ ಹೋಗಿ ಅಕ್ಕನ ದಂಡೆಗೆ ಹೊಡೆಯತೊಡಗಿತು. ಪ್ರತಿ ಮಳೆಗಾಲ ಒಂದಷ್ಟು ಮಣ್ಣು ಕಡಿದುಕೊಂಡು ಹೋಗುತ್ತಿತ್ತು. ದಂಡೆಯ ಬೇವಿನ ಮರ ಹೋಯಿತು, ಎಮ್ಮೆ ಕಟ್ಟುವ ಜಾಗ ಹೋಯಿತು. ಕೊನೆಗೆ ಬಾವಿಗೂ ಹಳ್ಳಕ್ಕೂ ನಡುವೆ ನಾಲ್ಕು ಹೆಜ್ಜೆ ನೆಲ ಉಳಿಯಿತು. ನೀರು ಎಲ್ಲೂ ನಿಂತು ಇಂಗದೆ ಬಾವಿಯೂ ಶಿವರಾತ್ರಿ ಹೊತ್ತಿಗೆ ತಳ ಕಾಣುತ್ತಿತ್ತು. ಮಳೆಯಲ್ಲಿ ಕುಸಿಯುವ ಭಯ, ಬೇಸಿಗೆಯಲ್ಲಿ ಒಣಗುವ ಭಯ, ಎರಡೂ ಒಂದೇ ಬಾವಿಗೆ.

ಒಂದು ದಿನ ನಾನು ದಂಡೆಯಲ್ಲಿ ನಿಂತಾಗ ಅಕ್ಕ ಎಮ್ಮೆಗೆ ನೀರು ಸೇದುತ್ತ, ನನ್ನ ಕಡೆ ನೋಡದೆಯೇ ಅಂದಳು: "ಹಳ್ಳ ನೆಟ್ಟಗ ಮಾಡು ಅಂದ್ರ ಹುಷಾರ ಮಾಡು ಅಂತ ತಮ್ಮಾ. ಗೆರಿ ಹೊಡಿ ಅಂತ ಅಲ್ಲ."

ಸಿಟ್ಟು ನೆತ್ತಿಗೇರಿತು. "ಹಿರ್ಯಾರು ಹೇಳಿದ್ದು ಹಂಗೇ ಅಲ್ಲೇನು?" ಎಂದು ಜೋರು ಮಾಡಿ ಬಂದುಬಿಟ್ಟೆ. ಆದರೆ ಊಟಕ್ಕೆ ಕೂತಾಗ ಆ ಮಾತನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಮೈ ನೆಟ್ಟಗಿಲ್ಲ ಎಂದರೆ ಬೆನ್ನು ಬಾಗಿದೆ ಎಂದು ಯಾರೂ ತಿಳಿಯುವುದಿಲ್ಲ. ಹುಡುಗನಿಗೆ ನೆಟ್ಟಗೆ ಇರು ಎಂದರೆ ಕಂಬದಂತೆ ನಿಲ್ಲು ಎಂದಲ್ಲ. ಜಾಲಿ ಕಡಿ, ಹೂಳು ತೆಗೆ, ಹಳ್ಳದ ಮೈ ಹುಷಾರು ಮಾಡು ಎಂದಿದ್ದರು ಹಿರಿಯರು. ನನ್ನ ದಾರದ ಸೊಕ್ಕಿಗೆ ಅದು ಬೇರೆಯೇ ಕೇಳಿಸಿತ್ತು. ನಾನು ಕೆಡಿಸಿದ್ದನ್ನು ನಾನೇ ಸರಿ ಮಾಡಬೇಕು, ಬಾವಿ ಬೀಳಲು ಬಿಡಬಾರದು ಎಂದು ಅಂದೇ ನಿಶ್ಚಯ ಮಾಡಿದೆ.

ಮೊದಲು ಅಕ್ಕನ ದಂಡೆಗೆ ಕಲ್ಲು ಪೇರಿಸಿದೆ. ಒಂದೇ ಮಳೆಗೆ ಹೋಯಿತು. ಆಮೇಲೆ ಬಸವಕಲ್ಯಾಣಕ್ಕೆ ಹೋಗಿ, ಹಳ್ಳಕೊಳ್ಳದ ಕೆಲಸ ಬಲ್ಲ ಒಬ್ಬ ಮೇಡಂ ಅವರನ್ನು ಕರೆದುಕೊಂಡು ಬಂದೆ. ಅವರು ಚಪ್ಪಲಿ ಕೈಯಲ್ಲಿ ಹಿಡಿದು ಹಳ್ಳದ ಗುಂಟ ನಡೆದರು. "ನೀರಿಗೆ ಕೂಡಾಕ ಜಾಗನೇ ಇಲ್ರಿ ಇಲ್ಲಿ. ಮೊದ್ಲ ಎಲ್ಲಿ ಕೂಡ್ತಿತ್ತು?" ಎಂದು ಕೇಳಿದರು. ನಾನು ಕೈ ಮಾಡಿ ತೋರಿಸಿದೆ. ಕೈ ತೋರಿಸಿದ ಕಡೆ ನನ್ನದೇ ಸೋಯಾ ನಿಂತಿತ್ತು.

ಅರ್ಧ ಎಕರೆ ಬಿಟ್ಟರೆ ಸಾಕಾಗುತ್ತದೆಯೇ ಎಂದು ಚೌಕಾಶಿಗೆ ಇಳಿದೆ. ಮೇಡಂ ನಕ್ಕರು. "ಹಳ್ಳಕ್ಕ ಕೇಳ್ರಿ, ನನಗ್ಯಾಕ ಕೇಳ್ತೀರಿ?" ಅಂದರು. ಮನೆಯಲ್ಲಿ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, "ಆ ತಗ್ಗು ಬೆಳಿ ಕೊಡೋಕಿಂತ ಮುಂಚೆನೂ ಉಂಡೀವಲ್ಲ" ಎಂದು ಹೇಳಿ ರೊಟ್ಟಿ ಬಡಿಯಲು ಕೂತಳು. ಎರಡೂ ಎಕರೆ ಹಳ್ಳಕ್ಕೆ ಬಿಟ್ಟೆ.

ಬೇಸಿಗೆಯಲ್ಲಿ ಹಳೆಯ ಮಾಲಕರ ಜೆಸಿಬಿಯನ್ನೇ ಕೇಳಿ ತಂದೆ. ಸೀದಾ ಕಾಲುವೆಗೆ ಅಡ್ಡ ಸೊಂಟದೆತ್ತರ ಕಲ್ಲಿನ ಒಡ್ಡು ಹಾಕಿದೆ, ದೊಡ್ಡ ನೀರು ಬಂದರೆ ಪಕ್ಕಕ್ಕೆ ಹೊರಳಲಿ ಎಂದು. ಮುಚ್ಚಿದ್ದ ತಿರುವಿನ ಬಾಯಿ ಬಿಚ್ಚಿದೆ. ಇನ್ನು ತಗ್ಗಿನೊಳಗೆ ಒಂದು ಕಡೆ ಆಳ, ಒಂದು ಕಡೆ ತೆಳ್ಳಗೆ, ಅಂಕುಡೊಂಕಾಗಿ ತೋಡಬೇಕು. ಅಲ್ಲೇ ನಾನು ಸೋತೆ. ನನ್ನ ಕೈ ಸೊಟ್ಟ ಹೋಗಲು ಒಪ್ಪುವುದಿಲ್ಲ. ಎಷ್ಟು ಹಿಡಿದರೂ ಅಂಚು ಗೀಸಿದ ಹಾಗೆ ಬರುತ್ತಿತ್ತು. ಮೇಡಂ ಬಂದು ನೋಡಿ, "ಇದು ಮದುವಿ ಮಂಟಪದ ಪಾಯ ಆಯ್ತಲ್ರಿ" ಅಂದರು. ನಾಚಿಕೆಯಾಯಿತು, ತೋಡಿದ್ದನ್ನು ಮುಚ್ಚಿದೆ.

ಅಷ್ಟರಲ್ಲಿ ಒಂದು ಅಡ್ಡಮಳೆ ಬಿತ್ತು. ಮರುದಿನ ಅಕ್ಕ ತನ್ನ ಎಮ್ಮೆಗಳನ್ನು ನನ್ನ ತಗ್ಗಿಗೆ ಹೊಡೆದಳು. ಅವು ಅತ್ತ ಇತ್ತ ಮೂಸಿ, ಹಳೆಯ ಹಳ್ಳದ ಹಸಿ ಎಲ್ಲಿ ಉಳಿದಿತ್ತೋ ಅಲ್ಲೇ ಹೋಗಿ ಮಲಗಿದವು. "ಅವು ನಡದಲ್ಲಿ ತೋಡು. ನಿನ್ನ ದಾರ ಮನ್ಯಾಗ ಇಡು" ಅಂದಳು ಅಕ್ಕ. ಗೊರಸಿನ ಗುರುತಿನ ಮೇಲೆ ಸುಣ್ಣದ ಪುಡಿ ಚೆಲ್ಲಿಕೊಂಡು ಹೋದೆ, ಅದರ ಮೇಲೆ ತೋಡಿದೆ. ಮೂರು ದಿನದ ಕೆಲಸ. ಜೀವಮಾನದಲ್ಲಿ ನಾನು ತೋಡಿದ ಅತಿ ಸೊಟ್ಟ ಕೆಲಸ ಅದು, ಮತ್ತು ಮೇಡಂ ಒಂದೇ ಸಲಕ್ಕೆ ಒಪ್ಪಿದರು.

ಆಮೇಲೆ ಕೆರೆಯ ಹಿಂದಿನಿಂದ ಜೇಕು ಕಿತ್ತು ತಂದು ನೆಟ್ಟೆ, ಅಂಚಿಗೆ ಲಕ್ಕಿ ಗಿಡದ ಟೊಂಗೆ ಊರಿದೆ. ಹುಟ್ಟಿದಾಗಿನಿಂದ ಹೊಲದ ಜೇಕು ಕಿತ್ತೆಸೆದ ಕೈ ಇದು. ನೆಡುವಾಗ ಯಾರಾದರೂ ನೋಡುತ್ತಾರೇನೋ ಎಂದು ಅಂಜಿಕೆ. ನೋಡಿದರು, ಬಿಡುತ್ತಾರೆಯೇ? ಹಳ್ಳಿಖೇಡದ ಕಾರ್ಖಾನೆಗೆ ಕಬ್ಬು ಒಯ್ಯುವ ಟ್ರ್ಯಾಕ್ಟರಿನವರು ಸಹ ನಿಲ್ಲಿಸಿ ಕೇಳಿದರು: "ಕಾಕಾ, ಮುಂದಿನ ವರ್ಷ ಕಪ್ಪಿ ಬಿತ್ತವರೇನ್ರಿ?" ಜುಲೈಯಲ್ಲಿ ತಗ್ಗಿನಲ್ಲಿ ನೀರು ನಿಂತಾಗ ಒಬ್ಬ ಹಿರಿಯರು, ಪಾಪ ಹೊಲದಲ್ಲಿ ನೀರು ನಿಂತಿದೆ ಎಂದು ನನಗೆ ಉಪಕಾರ ಮಾಡಲು ತಾವೇ ಸಲಿಕೆ ತಂದು ತಗ್ಗಿನ ಅಂಚು ಕಡಿದು ನೀರು ಹೊರಗೆ ಬಿಟ್ಟರು. ಕಪ್ಪು ಮಣ್ಣಿನಲ್ಲಿ ನೀರು ನಿಲ್ಲಿಸುವವನು ದಡ್ಡ ಎಂದೇ ನಮ್ಮ ಕಡೆ ಲೆಕ್ಕ. ಅವರಿಗೆ ಕೈ ಮುಗಿದು, ಚಹಾ ಕುಡಿಸಿ, ಅವರು ಹೋದ ಮೇಲೆ ಮುಚ್ಚಿದೆ.

ಆ ತಿಂಗಳು ಅಕ್ಕನ ದಂಡೆಯ ಹಿಡಿ ಮಣ್ಣೂ ಹೋಗಲಿಲ್ಲ. ಬಾವಿಯಲ್ಲಿ ನೀರು ಮೇಲಕ್ಕೆ ಬರತೊಡಗಿತು. ಅವಳು ಹೊಗಳಲಿಲ್ಲ, ಬೈಯಲೂ ಇಲ್ಲ. ನನಗೆ ಅಷ್ಟು ಸಾಕಾಗಿತ್ತು.

ಸೆಪ್ಟೆಂಬರಿನಲ್ಲಿ ಎರಡು ದಿನ ಬಿಡದೆ ಮಳೆ ಹೊಡೆಯಿತು. ಮೂರನೆಯ ದಿನ ಬೆಳಿಗ್ಗೆ ಹೊಲಕ್ಕೆ ಓಡಿದಾಗ ನನ್ನ ತಗ್ಗು ಅಂಚಿನವರೆಗೂ ತುಂಬಿತ್ತು. ಒಡ್ಡು ಗಟ್ಟಿಯಾಗಿ ನಿಂತಿತ್ತು, ಜೇಕು ಬಾಗಿ ನಿಂತಿತ್ತು. ಆದರೆ ತಗ್ಗಿನಲ್ಲಿ ಇನ್ನು ಜಾಗವಿರಲಿಲ್ಲ. ಮೇಲಿನಿಂದ ಬರುವ ನೀರು ಒಡ್ಡು ಹಾರಿ ಮತ್ತೆ ಸೀದಾ ಕಾಲುವೆ ಹಿಡಿದಿತ್ತು. ಬಾವಿಯ ಹತ್ತಿರ ದಂಡೆ ಧೊಪ್ಪೆಂದು ಬಿತ್ತು. ನಾಲ್ಕು ಹೆಜ್ಜೆ ಇದ್ದ ನೆಲ ಎರಡಾಯಿತು.

ದಾರಿ ಒಂದೇ ಇತ್ತು. ನಡುವಿನ ಬದು ಕಡಿದರೆ ತಗ್ಗಿನ ನೀರು ಅಕ್ಕನ ತೊಗರಿಯಲ್ಲಿ ಹರಡಿ ಮೆಲ್ಲಗೆ ಇಳಿಯುತ್ತದೆ, ಕಾಲುವೆಯ ರಭಸ ಕಡಿಮೆಯಾಗುತ್ತದೆ, ಬಾವಿ ಉಳಿಯುತ್ತದೆ. ಆದರೆ ನೀರು ನಿಂತರೆ ತೊಗರಿ ಬದುಕುವುದಿಲ್ಲ. ಆ ವರ್ಷಕ್ಕೆ ಅವಳಿಗೆ ಇದ್ದದ್ದೇ ಆ ಬೆಳೆ. ಸಲಿಕೆ ಹಿಡಿದು ಬದುವಿನ ಮೇಲೆ ನಿಂತೆ. ಕೈ ಏಳಲಿಲ್ಲ. ಒಮ್ಮೆ ಅವಳ ಹೊಲಕ್ಕೆ ನೀರು ಹೊಡೆಸಿದವನು ನಾನು, ಎರಡನೆಯ ಸಲವೂ ನಾನೇ ಹೊಡೆಸಲೇ? ಮಳೆಯಲ್ಲಿ ನಿಂತು ಅತ್ತುಬಿಟ್ಟೆ. ಮೀಸೆ ಬಂದ ಮೇಲೆ ಹಾಗೆ ಅತ್ತದ್ದು ನೆನಪಿಲ್ಲ.

ಅಕ್ಕ ತೊಗರಿಯ ಸಾಲಿನ ನಡುವೆ ಸೀರೆ ಮೇಲೆ ಕಟ್ಟಿಕೊಂಡು ಬಂದಳು. ಬಾವಿ ನೋಡಿದಳು, ಬೆಳೆ ನೋಡಿದಳು. ನನ್ನ ಕೈಯಿಂದ ಸಲಿಕೆ ಕಿತ್ತುಕೊಂಡು ಬದುವಿಗೆ ಹಾಕಿದಳು. ಏಳೆಂಟು ಏಟಿಗೆ ನೀರು ದಾರಿ ಮಾಡಿಕೊಂಡಿತು. ಮೊದಲ ಸಾಲು ಮುಳುಗಿತು, ಎರಡನೆಯದು, ಮೂರನೆಯದು. ಕಾಲುವೆಯ ಸದ್ದು ಇಳಿಯುತ್ತ ಬಂತು. ಮಧ್ಯಾಹ್ನದವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಬಾವಿ ಬೀಳಲಿಲ್ಲ.

ಮುಳುಗಿದ ಸಾಲು ನೋಡಿ ನನಗೆ ಮತ್ತೆ ಅಳು ಬಂತು. ಅಕ್ಕ ಕೆಸರಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅಳಬ್ಯಾಡ" ಅಂದಳು. "ಈ ಬದು ನಾ ಕಡದೀನಿ. ನೀ ಅಲ್ಲ."